ಗಾಡಿ ಸಿಡಿಯುವಾಗ ಹೂ ಮೂಸುವ ಟಿಪ್ಪು

ಪ್ರಶ್ನೆ: ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್ ಗೋಡೆಯ ಯುದ್ಧಚಿತ್ರದಲ್ಲಿ ದೂರದವರು, ಹತ್ತಿರದವರು ಎಲ್ಲ ಹೆಚ್ಚುಕಮ್ಮಿ ಒಂದೇ ಗಾತ್ರ. ಮುಖಗಳೂ ಒಂದೇ ತರ. ಚಿತ್ರಕಾರರಿಗೆ ಬರೆಯಲು ಬರುತ್ತಿರಲಿಲ್ಲವೇ?

ಮತ್ತೆ ಇದೇ ಪ್ರಶ್ನೆ! ಬರುತ್ತಿತ್ತು ಸ್ವಾಮಿ, ಚೆನ್ನಾಗೇ ಬರುತ್ತಿತ್ತು. ನಮಗೆ ನಿಂತು ನೋಡಲು ಪುರುಸೊತ್ತಿಲ್ಲ, ಅಷ್ಟೆ.

1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಮುರಿದರು. ಚಿತ್ರ ಅದರದ್ದು. ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ಗೆರೆ ಎಳೆದ ಹಾಗೆ. ಅವರ ಮೇಲೆ ನುಗ್ಗುವ ಮೈಸೂರಿನ ಕುದುರೆ, ಈಟಿ, ಕತ್ತಿ ಎಲ್ಲ ಓರೆ ಓರೆ. ನೆಟ್ಟಗಿನ ಸಾಲಿಗೆ ಓರೆ ಗೆರೆ ಬಂದು ಬಡಿಯುತ್ತದಲ್ಲ, ಗಲಾಟೆ ಇರೋದು ಅಲ್ಲಿ, ಮುಖದಲ್ಲಲ್ಲ. ಹಿಂದಿನವರನ್ನು ಚಿಕ್ಕದಾಗಿ ಬರೆದಿದ್ದರೆ ನಡುವೆ ಜಾಗ ಖಾಲಿ ಬೀಳುತ್ತಿತ್ತು, ಕಣ್ಣಿಗೆ ಬಿಡುವು ಸಿಗುತ್ತಿತ್ತು. ಇಲ್ಲಿ ಬಿಡುವೇ ಇಲ್ಲ.

ಈಗ ಚೌಕದೊಳಗೆ ನೋಡಿ. ಗಾಯಗೊಂಡ ಬೈಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಮದ್ದುಗುಂಡಿನ ಗಾಡಿ ಸಿಡಿಯುತ್ತಿದೆ. ಅವತ್ತು ನಿಜವಾಗಿಯೂ ಸಿಡಿದಿತ್ತು, ಅಲ್ಲಿಗೆ ಅವರ ಆಟ ಮುಗಿಯಿತು. ಇನ್ನು ಟಿಪ್ಪುವನ್ನು ಹುಡುಕಿ. ಹೂ ಮೂಸುತ್ತಿದ್ದಾನೆ! ಸಂಜೆ ತೋಟಕ್ಕೆ ಬಂದವನ ಹಾಗೆ. ಕಣ್ಣು ಆ ಹೂವಿನಿಂದ ಈ ಬೆರಳಿಗೆ ಹೋಗಿ ಬರುವಷ್ಟರಲ್ಲಿ ಗೆಲುವು ಯಾರ ಕಡೆ ಅಂತ ಗೊತ್ತಾಗಿಬಿಡುತ್ತದೆ. ಟಿಪ್ಪುವಿನ ಮುಖದಲ್ಲೂ ರೋಷ ಬರೆದಿದ್ದರೆ ಅವನೂ ಗುಂಪಿನಲ್ಲೊಬ್ಬ ಆಗಿಹೋಗುತ್ತಿದ್ದ, ಅಲ್ವಾ? ಗೆದ್ದವನೇ ಬರೆಸಿದ ಗೋಡೆ ಇದು. ಯುದ್ಧದ ವರದಿ ಅಂದುಕೊಂಡು ಓದಬೇಡಿ.

ಇನ್ನೊಂದು ಮಾತು. 1855ರಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಹೇಳಿ ಈ ಚಿತ್ರವನ್ನು ಮತ್ತೆ ಬರೆಸಿದ. ಹಾಗಾಗಿ ಒಂದು ಕುಂಚದ ಎಳೆ ತೋರಿಸಿ ಟಿಪ್ಪು ಕಾಲದ ಕಲಾವಿದನ ಮನಸ್ಸು ಓದುವವರನ್ನು ನಾನು ನಂಬುವುದಿಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಏನು ಮಾಡುತ್ತಿದ್ದಾರೆ ಅನ್ನೋದರ ಬಗ್ಗೆ ಮಾತ್ರ ನನ್ನ ಮಾತು.

ಪ್ರಶ್ನೆ: ಬೆರಳು ಕಚ್ಚುವ ಬೈಲಿ ಹೇಡಿಯೇ?

ಅಲ್ಲ. ಪರ್ಷಿಯನ್, ಮೊಘಲ್ ಚಿತ್ರಗಳಲ್ಲಿ ಬಾಯಿಗೆ ಬೆರಳು ಅಂದರೆ ಬೆರಗು. ನಾವು ಮೂಗಿನ ಮೇಲೆ ಬೆರಳಿಡುತ್ತೇವಲ್ಲ, ಹಾಗೆ.

ಪ್ರಶ್ನೆ: ಅಲ್ಲಿನ ಗೋಡೆಯಲ್ಲಿ ಹೈದರಾಬಾದ್ ನಿಜಾಮನ ಸೈನ್ಯದ ಜೊತೆ ಹಸು, ಹಂದಿ ಯಾಕೆ?

ಅಣಕಿಸೋದಕ್ಕೆ. ಹಸುವಿನಂತೆ ಬಂದ, ಹಂದಿಯಂತೆ ಓಡಿದ ಅಂತ. ಅಲ್ಲಿನ ಗೈಡ್‌ಗಳು ಹೇಳುವುದು ಈ ಸಲ ಸರಿ.

ಪ್ರಶ್ನೆ: ಅಜ್ಜನ ಕಾಲದ ಚಿತ್ರ ಮಸಿ ಹಿಡಿದಿದೆ. ಆಲೂಗಡ್ಡೆ ಹೋಳಿನಿಂದ ಉಜ್ಜಿದರೆ ಹೊಳೆಯುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ಮಾಡಲೇ?

ಆಲೂಗಡ್ಡೆ ಪಲ್ಯಕ್ಕೆ. ಒದ್ದೆ ಬಟ್ಟೆಯೂ ಬೇಡ. ಬಣ್ಣ ಎದ್ದು ಬಂದ ಮೇಲೆ ನನಗೆ ಫೋಟೋ ಕಳಿಸಬೇಡಿ.