ಏಳನೇ ತರಗತಿ ಮಕ್ಕಳ ಪ್ರಬಂಧಕ್ಕೆ ನ್ಯಾಯವಾಗಿ ಅಂಕ ಕೊಡುವುದು ಹೇಗೆ?

ಕನ್ನಡ ಪಾಠ ಮಾಡಲು ಈ ವರ್ಷವಷ್ಟೇ ಶುರು ಮಾಡಿದ್ದೇನೆ, ಇವತ್ತು 6 ಕೊಟ್ಟ ಪ್ರಬಂಧಕ್ಕೆ ನಾಳೆ ಓದಿದರೆ 8 ಕೊಡಬೇಕು ಅನ್ನಿಸುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾನೂ ಪ್ರೌಢಶಾಲೆಯಲ್ಲಿ ಕನ್ನಡ ಮೇಷ್ಟ್ರು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಮೊದಲು ಒಂದು ಸಮಾಧಾನ. ಇದು ಹೊಸಬರಿಗೆ ಮಾತ್ರ ಆಗುವುದಲ್ಲ. 1961ರಲ್ಲಿ ಅಮೆರಿಕದಲ್ಲಿ ಪಾಲ್ ಡೀಡರಿಕ್ ಮತ್ತು ಜೊತೆಗಾರರು 300 ಪ್ರಬಂಧಗಳನ್ನು 53 ಜನರ ಕೈಗೆ ಕೊಟ್ಟು, ಒಂಬತ್ತು ದರ್ಜೆಗಳಲ್ಲಿ ವಿಂಗಡಿಸಿ ಎಂದರು. ಓದಿದವರೆಲ್ಲ ತಿಳಿದವರೇ. ಆದರೂ ಐದಕ್ಕಿಂತ ಕಡಿಮೆ ಬಗೆಯ ದರ್ಜೆ ಬಿದ್ದ ಪ್ರಬಂಧ ಒಂದೂ ಇರಲಿಲ್ಲ! ಯಾಕೆ ಅಂದರೆ, ಒಬ್ಬರು ವಿಚಾರ ನೋಡುತ್ತಿದ್ದರು, ಒಬ್ಬರು ಕಾಗುಣಿತ-ವ್ಯಾಕರಣ, ಇನ್ನೊಬ್ಬರು ಜೋಡಣೆ, ಮತ್ತೊಬ್ಬರು ಪದಗಳ ಆಯ್ಕೆ. ಎಲ್ಲರ ಮುಂದೆ ಇದ್ದದ್ದು ಅದೇ ಹಾಳೆ, ಹುಡುಕಿದ್ದು ಬೇರೆ ಬೇರೆ.

ಹಾಗಾಗಿ ವಿಷಯ ಕೊಡುವ ಮೊದಲೇ ಈ ಸಲ ಏನು ನೋಡುತ್ತೀರಿ ಅಂತ ತೀರ್ಮಾನ ಮಾಡಿಕೊಳ್ಳಿ. ಅದನ್ನು ಮಕ್ಕಳಿಗೂ ಹೇಳಿಬಿಡಿ. ಮುಚ್ಚಿಡುವಂಥದ್ದು ಅದರಲ್ಲಿ ಏನೂ ಇಲ್ಲ. ನಾನು ಹತ್ತು ಅಂಕವಿದ್ದರೆ ನಾಲ್ಕನ್ನು ಹೇಳಿದ ವಿಷಯಕ್ಕೆ, ಮೂರನ್ನು ಒಂದರ ಹಿಂದೆ ಒಂದು ಸರಿಯಾಗಿ ಬಂದಿದೆಯೇ ಎಂಬುದಕ್ಕೆ, ಉಳಿದ ಮೂರನ್ನು ವಾಕ್ಯ, ಕಾಗುಣಿತ, ಲೇಖನ ಚಿಹ್ನೆಗಳಿಗೆ ಇಡುತ್ತೇನೆ. ನಿಮ್ಮ ಲೆಕ್ಕ ಬೇರೆ ಇರಬಹುದು, ಅಡ್ಡಿಯಿಲ್ಲ. ಆದರೆ ಕಾಗುಣಿತಕ್ಕೆ ಬೇರೆ ಅಂಕ ಇರಲೇಬೇಕು, ಅದರ ಪೆಟ್ಟು ಬೇರೆ ಕಡೆ ಬೀಳಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ನನ್ನ ತರಗತಿಯ ಒಬ್ಬ ಹುಡುಗ ಬರೆದದ್ದು ಹೆಚ್ಚು ಕಡಿಮೆ ಹೀಗಿತ್ತು: 'ರಾತ್ರಿ ನಮ್ಮ ಎಮ್ಮೆ ಕರು ಆಕ್ತು. ಅಪ್ಪ ಊರಿಗೆ ಓಗಿತ್ತು. ಅವ್ವ ಬ್ಯಾಟರಿ ಇಡ್ಕ ಅಂತು. ನನ್ ಕೈ ನಡುಗ್ತಿತ್ತು. ಬೆಳಕು ಅಲ್ಲಾಡಿದರೆ ಅವ್ವ ಬಯ್ತಿತ್ತು.' ಕೆಂಪು ಪೆನ್ನು ಹಿಡಿದು ಕೂತರೆ ಸಾಲು ಸಾಲಿಗೂ ಸುತ್ತು ಹಾಕಬಹುದು. ಸ್ವಲ್ಪ ತಡೆದು ನೋಡಿ. 'ಆಕ್ತು', 'ಓಗಿತ್ತು', 'ಇಡ್ಕ' ಮೂರರಲ್ಲೂ ಇರುವುದು ಒಂದೇ ತಪ್ಪು. ನಮ್ಮ ಹಳೇ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಮಾತಾಡುವಾಗ ಹಕಾರ ಬಿದ್ದುಹೋಗುತ್ತದೆ. ಆ ಹುಡುಗ ಕಿವಿಗೆ ಬಿದ್ದಂತೆ ಬರೆದಿದ್ದಾನೆ. 'ಅಪ್ಪ ಹೋಗಿತ್ತು', 'ಅವ್ವ ಬಯ್ತಿತ್ತು' ಎನ್ನುವುದೂ ಮನೆಯ ಮಾತೇ. ಅಂದರೆ ಅವನಿಗೆ ಕಲಿಸಬೇಕಾದ್ದು ಎರಡೇ ಸಂಗತಿ. ತಪ್ಪು ಎಷ್ಟು ಸಲ ಬಂದಿದೆ ಎಂದು ಎಣಿಸಬೇಡಿ, ಎಷ್ಟು ಬಗೆಯ ತಪ್ಪುಗಳಿವೆ ಎಂದು ನೋಡಿ. ಒತ್ತಕ್ಷರ, ದೀರ್ಘ, ಅಲ್ಪಪ್ರಾಣ-ಮಹಾಪ್ರಾಣ, ಎಲ್ಲದಕ್ಕೂ ಇದೇ ಮಾತು.

ಇನ್ನು ಹೇಳಿದ ವಿಷಯಕ್ಕೆ ಬನ್ನಿ. ಬೆಳಕು ಅಲ್ಲಾಡಿದರೆ ಅವ್ವ ಬಯ್ಯುತ್ತಿದ್ದಳು ಎಂಬ ಒಂದೇ ಸಾಲಿನಲ್ಲಿ ಆ ರಾತ್ರಿ ಪೂರ್ತಿ ಕಾಣುತ್ತದೆ, ಅಲ್ವಾ? ಅವನಿಗೆ ನಾಲ್ಕಕ್ಕೆ ನಾಲ್ಕು ಕೊಡಲು ನನಗೆ ಯಾವ ಅನುಮಾನವೂ ಇರಲಿಲ್ಲ. ಕಾಗುಣಿತಕ್ಕೆ ಮೂರರಲ್ಲಿ ಒಂದು.

ಅದೇ ಕಂತೆಯಲ್ಲಿ ಮುತ್ತಿನಂಥ ಅಕ್ಷರದ ಹಾಳೆಯೂ ಇರುತ್ತದೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಅಡಿಗೆರೆ ಹಾಕಿ, ಗೈಡಿನಲ್ಲಿ ಇದ್ದದ್ದನ್ನೇ ಇಳಿಸಿರುತ್ತಾರೆ. ಆ ಮಗುವನ್ನು ಬಯ್ಯಬೇಡಿ. ಹಾಗೆ ಬರೆದರೇ ಅಂಕ ಎಂದು ನಾವೇ ಕಲಿಸಿದ್ದೇವೆ. 'ಗ್ರಂಥಾಲಯಗಳ ಮಹತ್ವ' ಎಂದು ಕೇಳಿದರೆ ಅಳೆಯುವುದು ಬಾಯಿಪಾಠವನ್ನೇ ಹೊರತು ಬರವಣಿಗೆಯನ್ನಲ್ಲ. ಬಾಯಿಪಾಠಕ್ಕೆ ಸಿಗದ ವಿಷಯ ಕೊಡಿ. ನಿಮ್ಮ ಮನೆಗೆ ನೀರು ಬಿಡುವ ದಿನ ಏನೇನು ನಡೆಯುತ್ತದೆ? ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಹೊಸಬರಿಗೆ ನಮ್ಮ ಶಾಲೆಯ ದಾರಿ ಬರೆದು ಕೊಡಿ. ಮುದ್ದೆ ಮಾಡುವುದನ್ನು ನೋಡಿಯೇ ಇಲ್ಲದವರಿಗೆ ಹೇಗೆ ಮಾಡುವುದೆಂದು ತಿಳಿಸಿ. ಕೊನೆಯದಂತೂ ಕ್ರಮವಾಗಿ ಹೇಳಲು ಬರುತ್ತದೋ ಇಲ್ಲವೋ ಎಂಬುದನ್ನು ಚೆನ್ನಾಗಿ ತೋರಿಸುತ್ತದೆ.

ಅಂಕ ದಿನಕ್ಕೊಂದು ಥರ ಆಗದಿರಲು ಒಂದು ಉಪಾಯವಿದೆ. ಒಂದೊಂದೇ ಹಾಳೆ ತೆಗೆದು ಅಂಕ ಹಾಕಬೇಡಿ. ಎರಡನ್ನು ಪಕ್ಕ ಪಕ್ಕ ಇಟ್ಟು ಯಾವುದು ವಾಸಿ ಎಂದಷ್ಟೇ ನೋಡಿ. ಒಂದು ವಸ್ತುವಿಗೆ ಸುಮ್ನೆ ಅಂಕ ಕೊಡುವುದಕ್ಕಿಂತ ಎರಡನ್ನು ಹೋಲಿಸುವುದು ನಮಗೆ ಸುಲಭ. ಇಂಥ ಹೋಲಿಕೆಗಳಿಂದ ಅಳತೆ ಮಾಡುವ ಲೆಕ್ಕವನ್ನು ಥರ್ಸ್ಟನ್ ಎಂಬ ಮನೋವಿಜ್ಞಾನಿ 1927ರಲ್ಲೇ ಕೊಟ್ಟರು. ಇಂಗ್ಲೆಂಡಿನ ಎಷ್ಟೋ ಶಾಲೆಗಳು ಈಗ ಮಕ್ಕಳ ಬರಹವನ್ನು ಆ ದಾರಿಯಲ್ಲೇ ಅಳೆಯುತ್ತವೆ. ನಮಗೆ ಅಷ್ಟೆಲ್ಲ ಬೇಡ. ಹೋಲಿಸಿ ಹೋಲಿಸಿ ಮೂರು ರಾಶಿ ಮಾಡಿಕೊಳ್ಳಿ, ಆಮೇಲೆ ಅಂಕ ಹಾಕಿ. ಹೆಸರು ಕಾಣದಂತೆ ಹಾಳೆ ಮಡಿಸಿಕೊಂಡರೆ ಇನ್ನೂ ಒಳ್ಳೆಯದು. ತುಂಬಾ ಚೆನ್ನಾಗಿರುವ ಹಾಳೆಯ ಹಿಂದೆ ಬಂದ ಸಾಧಾರಣ ಹಾಳೆ ಇರುವುದಕ್ಕಿಂತ ಕಳಪೆಯಾಗಿ ಕಾಣುತ್ತದೆ, ಅದೂ ಈ ರೀತಿಯಲ್ಲಿ ತಪ್ಪುತ್ತದೆ.

ಒಂದು ಪ್ರಬಂಧ ನೋಡಿ ಈ ಮಗುವಿಗೆ ಬರೆಯಲು ಬರುತ್ತದೆ, ಬರುವುದಿಲ್ಲ ಎನ್ನಬೇಡಿ. ಕಥೆ ಚೆನ್ನಾಗಿ ಹೇಳುವ ಮಗು ಮುಖ್ಯೋಪಾಧ್ಯಾಯರಿಗೆ ರಜೆ ಪತ್ರ ಬರೆಯಲು ತಡವರಿಸುತ್ತದೆ. ನಮ್ಮಲ್ಲಿ ಹೇಗೂ ವರ್ಷಕ್ಕೆ ನಾಲ್ಕು ಎಫ್‌ಎ (ಕಲಿಕೆಯ ನಡುವೆ ಮಾಡುವ ರೂಪಣಾತ್ಮಕ ಮೌಲ್ಯಮಾಪನ), ಎರಡು ಎಸ್‌ಎ (ಅವಧಿಯ ಕೊನೆಗೆ ಮಾಡುವ ಸಂಕಲನಾತ್ಮಕ ಮೌಲ್ಯಮಾಪನ) ಇವೆ. ನಾಲ್ಕು ಎಫ್‌ಎಯಲ್ಲಿ ನಾಲ್ಕು ಬಗೆಯ ಬರಹ ಕೊಡಬಹುದು. ದಿನಾಂಕ ಹಾಕಿಸಿ ಕೃತಿ ಸಂಪುಟದಲ್ಲಿ, ಅಂದರೆ ಮಗುವಿನ ಕೆಲಸಗಳನ್ನು ಕೂಡಿಸಿಡುವ ಫೈಲಿನಲ್ಲಿ, ಇಡಿಸಿ. ಇನ್ಸ್‌ಪೆಕ್ಷನ್‌ಗೆ ತೋರಿಸಲು ಇಡುವ ಫೈಲ್ ಅದಾಗಬಾರದು. ಜನವರಿಯಲ್ಲಿ ಮಗುವಿನ ಜೊತೆ ಕೂತು ಜೂನ್ ತಿಂಗಳ ಹಾಳೆ ತೆಗೆದು ನೋಡಿ. ಏನು ಸುಧಾರಿಸಿದೆ ಅಂತ ಮಗುವೇ ಬೆರಳಿಟ್ಟು ತೋರಿಸುತ್ತದೆ.

ತಿದ್ದುವಾಗ ಒಂದು ಸಲಕ್ಕೆ ಒಂದೇ ಸಂಗತಿ ಹೇಳಿ, ಅದನ್ನು ಸರಿಮಾಡಿ ಮತ್ತೆ ಬರೆಸಿ. ತರಗತಿಯಲ್ಲಿ ನಲವತ್ತು ಮಕ್ಕಳಿದ್ದರೆ ವಾರಕ್ಕೆ ಹತ್ತು ಜನರದ್ದು ಮಾತ್ರ ಹೀಗೆ ಪೂರ್ತಿ ಓದಿ, ಉಳಿದವರದ್ದು ಮುಂದಿನ ವಾರಗಳಿಗೆ. ಏನೂ ಬರೆಯದೆ ಖಾಲಿ ಹಾಳೆ ಕೊಡುವ ಮಗುವಿಗೆ ಸೊನ್ನೆ ಹಾಕುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಅದೇ ವಿಷಯವನ್ನು ಬಾಯಲ್ಲಿ ಹೇಳಿಸಿ. ಗಡಗಡ ಹೇಳಿದರೆ ತೊಂದರೆ ಇರುವುದು ಅಕ್ಷರದಲ್ಲಿ. ಆ ಮಗುವಿಗೆ ಉಕ್ತಲೇಖನ, ಸಣ್ಣ ಸಣ್ಣ ವಾಕ್ಯಗಳು ಬೇಕು. ಹೇಳುವುದಕ್ಕೂ ಮಾತು ಸಿಗದಿದ್ದರೆ ಕೆಲಸ ಓದಿನಿಂದ, ಮಾತಿನಿಂದ ಶುರುವಾಗಬೇಕು.