ಇಲಿ ಬಿದ್ದ ಮನೆ, ದಾಖಲೆಗೆ ಬಾರದ ಸಾವು

ಪ್ರಶ್ನೆ: ‘ಇಲಿ ಬಿತ್ತು ಅಂದರೆ ಮನೆಗೆ ಬೀಗ ಹಾಕಿ, ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದೆವು’ ಎಂದು ನಮ್ಮ ಅಜ್ಜಿ ಹೇಳುತ್ತಿದ್ದರು. ನೂರು ವರ್ಷಗಳ ಹಿಂದೆ ಮೈಸೂರಿನಲ್ಲಿ ಪ್ಲೇಗಿನ ಜಾಡು ಹಿಡಿಯುತ್ತಿದ್ದುದು ಹೇಗೆ? ಅಂದಿನ ಸಾವಿನ ಲೆಕ್ಕವನ್ನು ನಂಬಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಜ್ಜಿಯವರು ಹೇಳಿದ್ದೇ ಆ ಕಾಲದ ಅತ್ಯಂತ ನಂಬಲರ್ಹವಾದ ಸೂಚನೆಯಾಗಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರಲ್ಲಿ ಮೈಸೂರು ಸಂಸ್ಥಾನವನ್ನು ಹೊಕ್ಕಿತು. ರೋಗಾಣು 1894ರಲ್ಲೇ ಪತ್ತೆಯಾಗಿದ್ದರೂ, ಅದನ್ನು ಹರಡುವುದು ಇಲಿಯ ಮೈಮೇಲಿನ ಚಿಗಟವೆಂಬ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮಾಂಡ್ ಅವರ 1898ರ ವಾದವನ್ನು ವೈದ್ಯಲೋಕ ಒಪ್ಪಿಕೊಳ್ಳಲು ಹತ್ತಿರ ಹತ್ತಿರ ಹತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ನಮ್ಮ ಜನ ಕಣ್ಣಾರೆ ಕಂಡು ಪಾಠ ಕಲಿತಿದ್ದರು. ಅಟ್ಟದ ತೊಲೆಯ ಮೇಲಿಂದ ಇಲಿಯೊಂದು ತೂರಾಡುತ್ತಾ ಬಂದು ಹಗಲು ಹೊತ್ತಿನಲ್ಲೇ ನಡುಮನೆಯಲ್ಲಿ ಬಿದ್ದು ಸತ್ತರೆ, ಅದರ ಮೈ ತಣ್ಣಗಾಗುತ್ತಿದ್ದಂತೆ ಚಿಗಟಗಳು ಅದನ್ನು ಬಿಟ್ಟು ಬಿಸಿ ಮೈಯನ್ನು ಹುಡುಕಿಕೊಂಡು ಹೊರಡುತ್ತವೆ. ಆದ್ದರಿಂದ ಇಲಿಗಳ ಸಾವಿಗೂ ಮನುಷ್ಯರ ಸಾವಿಗೂ ನಡುವೆ ಸಿಗುತ್ತಿದ್ದ ಸುಮಾರು ಎರಡು ವಾರಗಳ ಬಿಡುವಿನಲ್ಲಿ ಮನೆ ಬಿಟ್ಟವರು ಬದುಕಿಕೊಳ್ಳುವ ಸಂಭವ ಹೆಚ್ಚಾಗಿತ್ತು.

ಸರ್ಕಾರದ ಕಡೆಯಿಂದ ಮನೆ ತಪಾಸಣೆ, ಮರಣ ನೋಂದಣಿ, ರೋಗಿಯನ್ನು ಬೇರೆಡೆಗೆ ಸಾಗಿಸುವುದು, ಹೆಂಚು ತೆಗೆಸಿ ಬಿಸಿಲು ಬಿಡಿಸುವುದು ಎಲ್ಲವೂ ನಡೆದವು. ನನ್ನ ಮಟ್ಟಿಗೆ, ಲೆಕ್ಕ ಕೆಟ್ಟದ್ದೇ ಇಲ್ಲಿ. ಕಾಯಿಲೆ ಬಿದ್ದವರನ್ನು ಶಿಬಿರಕ್ಕೆ ಎಳೆದೊಯ್ಯುತ್ತಾರೆ, ಹೆಂಗಸರ ಮೈ ಮುಟ್ಟಿ ನೋಡುತ್ತಾರೆ ಎಂಬ ಭಯಕ್ಕೆ ಜನ ರೋಗಿಯನ್ನೂ ಹೆಣವನ್ನೂ ಬಚ್ಚಿಟ್ಟರು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ 1898ರಲ್ಲಿ ಈ ಕ್ರಮಗಳ ವಿರುದ್ಧ ಗಲಭೆಯೇ ಎದ್ದಿತು. ಅವರನ್ನು ಅಜ್ಞಾನಿಗಳೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ: ತೊಡೆಸಂದಿನಲ್ಲಿ ಪ್ಲೇಗಿನ ಗೆಡ್ಡೆ ಎದ್ದ ಮಗುವನ್ನು ಅಪರಿಚಿತರ ಕೈಗೆ ಒಪ್ಪಿಸುವುದು ಯಾವ ತಾಯಿಗೂ ಸುಲಭವಲ್ಲ.

ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ ಗಾಳಿ ಬೆಳಕಿನ ಬಡಾವಣೆಗಳನ್ನು ಕಟ್ಟುವ ಆ ಕೆಲಸದ ಹಿಂದೆ ಪ್ಲೇಗಿನ ಭಯವೂ ಇತ್ತು.

ನಿಮ್ಮ ಎರಡನೆಯ ಪ್ರಶ್ನೆಗೆ ಬಂದರೆ, ಹಳೆಯ ಮರಣ ದಾಖಲೆಗಳನ್ನು ನೋಡುವ ಅವಕಾಶ ಸಿಕ್ಕಾಗ ‘ಪ್ಲೇಗು’ ಎಂದು ಬರೆದಿರುವುದನ್ನಷ್ಟೇ ಎಣಿಸಬೇಡಿ. ಅದೇ ತಿಂಗಳುಗಳಲ್ಲಿ, ಅದೇ ಬೀದಿಯಲ್ಲಿ ‘ಜ್ವರ’ ಎಂದು ಬರೆದ ಸಾವುಗಳು ಒಮ್ಮೆಲೇ ಏರಿವೆಯೇ ಎಂದು ನೋಡಿ; ಬಚ್ಚಿಟ್ಟ ಸಾವುಗಳಲ್ಲಿ ಹಲವು ಅಲ್ಲಿ ಸಿಗುತ್ತವೆ.