ಅಮ್ಮ ಹುಷಾರಾದದ್ದು ಅವರಿಗೆ ಗೊತ್ತೇ?

ನಿಮ್ಮ ಪತ್ರವನ್ನು ಓದಿ ಮಡಚಿಟ್ಟಿದ್ದೆ. ರಾತ್ರಿ ಮತ್ತೆ ತೆಗೆದೆ. ಕಾಲೇಜಿನ ದಿನಗಳಿಂದ ಜೊತೆಗಿರುವ ನಾಲ್ವರು ಗೆಳತಿಯರು ನಿಮಗೆ ಒಂದು ಮಾತೂ ಹೇಳದೆ ಪ್ರವಾಸ ಹೋಗಿ ಬಂದರು. ಸಹೋದ್ಯೋಗಿಯೊಬ್ಬರು ಮೊಬೈಲ್ ಚಾಚಿ, 'ಅಯ್ಯೋ, ನಿಮ್ಮನ್ನು ಕರೆಯಲೇ ಇಲ್ಲವೇ?' ಎಂದಾಗಲೇ ನಿಮಗೆ ತಿಳಿದದ್ದು. 'ಅವರಿಗೆ ನಾನು ಬೇಡವಾದೆ' ಎಂದು ಮೂರು ಕಡೆ ಬರೆದಿದ್ದೀರಿ.

'ಇಷ್ಟಕ್ಕೆಲ್ಲ ಅಳುತ್ತಾರೆಯೇ' ಎನ್ನುವವರಿಗೆ ಕಿವಿಗೊಡಬೇಡಿ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಜನರಿಗೆ ಕಂಪ್ಯೂಟರ್ ತೆರೆಯ ಮೇಲೆ ಚೆಂಡೆಸೆತದ ಆಟ ಆಡಿಸಿದ್ದರು. ಜೊತೆಯ ಇಬ್ಬರು ಚೆಂಡು ಕೊಡುವುದನ್ನು ನಿಲ್ಲಿಸಿದಾಗ, ಮೈನೋವಿನಲ್ಲಿ ಚುರುಕಾಗುವ ಮೆದುಳಿನ ಭಾಗವೊಂದು ಚುರುಕಾಯಿತು. ನನ್ನನ್ನು ಕಾಡುವ ಸಂಗತಿ ಬೇರೆ. ಆ 'ಇಬ್ಬರು' ಮನುಷ್ಯರೇ ಆಗಿರಲಿಲ್ಲ, ಆಡುತ್ತಿದ್ದುದು ಕಂಪ್ಯೂಟರ್. ಹೊರಗಿಡಬೇಕೆಂಬ ಮನಸ್ಸು ಅಲ್ಲಿ ಯಾರಿಗೂ ಇರಲಿಲ್ಲ, ಆದರೂ ನೋವಾಯಿತು.

ಈಗ ನಿಮ್ಮ ಪತ್ರದ ಎರಡನೇ ಪುಟ. 'ಅಮ್ಮನ ಆರೈಕೆಯಿಂದಾಗಿ ಕಳೆದ ವರ್ಷ ಮೂರು ಸಲ ಬರಲಾಗದು ಎಂದಿದ್ದೆ, ಈಗ ಅಮ್ಮ ಹುಷಾರಾಗಿದ್ದಾರೆ' ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಓಡಿದ್ದೀರಿ. ನಾನು ಅಲ್ಲೇ ನಿಂತೆ. ಅಮ್ಮ ಹುಷಾರಾದದ್ದು ಆ ನಾಲ್ವರಿಗೆ ಗೊತ್ತೇ? ಹೇಳಿದ ಸುಳಿವು ಪತ್ರದಲ್ಲೆಲ್ಲೂ ಇಲ್ಲ. ಹಾಸಿಗೆ ಹಿಡಿದ ತಾಯಿಯ ಪಕ್ಕ ಕುಳಿತವಳನ್ನು 'ಪ್ರವಾಸಕ್ಕೆ ಬಾ' ಎಂದು ನಾಲ್ಕನೇ ಸಲ ಕರೆಯಲು ಆಪ್ತರಿಗೂ ಬಾಯಿ ಬರುವುದಿಲ್ಲ. ಹಾಗೆಂದು ಅವರದು ತಪ್ಪೇ ಇಲ್ಲ ಎನ್ನುತ್ತಿಲ್ಲ. ಹೊರಡುವ ಮುನ್ನ ಒಂದು ಮಾತು ಹೇಳಬೇಕಿತ್ತು. ಆದರೆ ನನಗೆ ಅದರಲ್ಲಿ ಕಾಣುವುದು ಸಂಕೋಚವೇ ಹೊರತು ತಿರಸ್ಕಾರವಲ್ಲ.

ನನಗೆ ಸಿಟ್ಟು ಬಂದಿರುವುದು ಆ ಸಹೋದ್ಯೋಗಿಯ ಮೇಲೆ. ಫೋಟೋ ತೋರಿಸಿದ್ದಿರಲಿ, ಆ 'ಅಯ್ಯೋ' ಏಕೆ ಬೇಕಿತ್ತು? ಕನಿಕರದ ದನಿಯಲ್ಲೇ ಕಡ್ಡಿ ಗೀರುವವರಿರುತ್ತಾರೆ. 'ಬೇಡವಾದೆ' ಎಂಬ ಮಾತು ನಿಮ್ಮ ಮನಸ್ಸಿಗೆ ಹೊಕ್ಕಿದ್ದು ಅಲ್ಲಿಂದಲೇ ಇರಬೇಕು. ಅವರ ಮುಂದೆ ಈ ವಿಷಯ ಇನ್ನು ಎತ್ತಲೇಬೇಡಿ.

ಈ ಅಂಕಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ: ಮನಸ್ಸು ಮುರಿದಿರುವಾಗ ಮೆಸೇಜ್ ಕಳಿಸಬಾರದು, ಎದುರಿನವರ ದನಿ ಕೇಳಬೇಕು. ನಾಲ್ವರಲ್ಲಿ ನಿಮಗೆ ತೀರಾ ಹತ್ತಿರದವರಿಗೆ ಇವತ್ತೇ ಫೋನ್ ಮಾಡಿ. 'ಏಕೆ ಕರೆಯಲಿಲ್ಲ' ಎಂದು ಶುರು ಮಾಡಬೇಡಿ. 'ಅಮ್ಮ ಹುಷಾರಾಗಿದ್ದಾರೆ. ನಿಮ್ಮ ಫೋಟೋ ನೋಡಿ ಅಳು ಬಂತು. ಮುಂದಿನ ಸಲ ನಾನೂ ಬರುತ್ತೇನೆ' ಎನ್ನಿ. ಅಷ್ಟು ಹೇಳಿ ಸುಮ್ಮನಾಗಿ, ಅವರು ಮಾತನಾಡಲಿ.